ಅಮ್ಮ ಕ್ಯಾಮೆರಾ ಹಿಡಿದದ್ದು

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಪುಟಪುಟದಲ್ಲೂ ನಾನಿದ್ದೇನೆ. ಆದರೆ ಕೊನೆಯ ಪುಟವೊಂದನ್ನು ಬಿಟ್ಟರೆ ನೀವು ಎಷ್ಟು ತಿರುವಿ ಹಾಕಿದರೂ ಎಲ್ಲೂ ಕಾಣುವುದಿಲ್ಲ, ನಾನೇ ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಬೇಕು. ಜೋಗದ ಬಂಡೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪಗೆ ಏನೋ ಇದೆಯಲ್ಲ, ಅದು ನಾನು. ಆಗುಂಬೆಯ ಸೂರ್ಯಾಸ್ತದ ಎಡ ಮೂಲೆಯಲ್ಲಿ ಮಸಿ ಚೆಲ್ಲಿದ ಹಾಗಿರುವುದೂ ನಾನೇ. ತೀರ್ಥಹಳ್ಳಿಯ ಹೊಳೆದಂಡೆಯಲ್ಲಿ ಯಾರೋ ಸೀರೆ ಒಣಹಾಕಿದ್ದಾರೆ ಅಂತ ನೋಡಿದವರೆಲ್ಲ ಹೇಳುತ್ತಾರೆ. ಸೀರೆ ಹೌದು, ಆದರೆ ಅದರೊಳಗೆ ನಾನಿದ್ದೇನೆ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಮದುವೆಯಾದ ಹೊಸತರಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕನ್ನು ಗಂಡನ ಜೊತೆ ಸುತ್ತಿ, ಅಷ್ಟೊಂದು ಫೋಟೋ ತೆಗೆಸಿಕೊಂಡು, ಒಂದರಲ್ಲೂ ಮೂಗು ಎಲ್ಲಿದೆ ಅಂತ ಗೊತ್ತಾಗದ ಹೆಂಗಸು ಇನ್ನೊಬ್ಬಳಿದ್ದರೆ ದಯವಿಟ್ಟು ನನಗೆ ಭೇಟಿ ಮಾಡಿಸಿ. ಕೂತು ಒಂದೊಂದು ಲೋಟ ಕಾಫಿ ಕುಡಿದು ಕಷ್ಟಸುಖ ಮಾತಾಡಿಕೊಳ್ಳುತ್ತೇವೆ.

ಇದಕ್ಕೆಲ್ಲ ಕಾರಣ ನಮ್ಮವರು. ನಮ್ಮವರು ಅಂದರೆ ನನ್ನ ಗಂಡ, ಮಲೇರಿಯಾ ಇನ್ಸ್‌ಪೆಕ್ಟರು. ಊರೂರು ತಿರುಗಿ ಮನೆಗಳ ಗೋಡೆಗೆ ಡಿ.ಡಿ.ಟಿ. ಹೊಡೆಸುವುದು ಅವರ ಕೆಲಸ. ಹಡಗಿನಲ್ಲಿ ನೌಕರಿಗಿದ್ದ ಅವರ ಗೆಳೆಯನೊಬ್ಬ ನಮ್ಮ ಮದುವೆಗೆಂದು ಒಂದು ಪುಟ್ಟ ಕ್ಯಾಮೆರಾ ತಂದುಕೊಟ್ಟ. ಅಂಗಿಯ ಜೇಬಿನಲ್ಲಿ ಹಾಯಾಗಿ ಕೂರುವಷ್ಟು ಪುಟ್ಟದು. ಅಲ್ಲಿಯತನಕ ನಮ್ಮ ಕಡೆಯ ಜನಕ್ಕೆ ಗೊತ್ತಿದ್ದದ್ದು ಒಂದೇ ಬಗೆಯ ಕ್ಯಾಮೆರಾ. ಅದು ಸ್ಟುಡಿಯೋದಲ್ಲಿ ಮೂರು ಕಾಲಿನ ಮೇಲೆ ಕರಿ ಬಟ್ಟೆ ಹೊದ್ದು ನಿಂತಿರುತ್ತಿತ್ತು. ಅದರ ಎದುರು ಇದನ್ನು ಕ್ಯಾಮೆರಾ ಅಂದರೆ ಯಾರು ನಂಬುತ್ತಾರೆ? ನಶ್ಯದ ಡಬ್ಬಿ ಅಂದವರಿದ್ದಾರೆ. ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಂತೂ ಇವರು ಅದನ್ನು ಕಣ್ಣಿಗೆ ಹಿಡಿದದ್ದೇ ತಡ, ಆ ಮನೆಯ ಹೆಂಗಸು "ಅಯ್ಯಯ್ಯೋ, ಒಂಚೂರು ತಡೀರಿ ಸ್ವಾಮಿ" ಅಂತ ಒಳಗೆ ಓಡಿದಳು. ಅನ್ನದ ಚರಿಗೆಗೆ, ಮೊಸರಿನ ಗಡಿಗೆಗೆ ಮುಚ್ಚಳ ಹಾಕಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದು, "ಹ್ಞೂ, ಈಗ ಹೊಡೀರಿ" ಅಂದಳು. ಡಿ.ಡಿ.ಟಿ. ಸಾಹೇಬರು ಕೈಯಲ್ಲಿ ಏನು ಹಿಡಿದರೂ ಅದು ಔಷಧಿಯೇ ತಾನೇ?

ಆ ಕ್ಯಾಮೆರಾಕ್ಕೆ ಇನ್ನೊಂದು ಹೆಚ್ಚುಗಾರಿಕೆ ಇತ್ತು. ಬೇರೆ ಕ್ಯಾಮೆರಾ ಒಂದು ಫೋಟೋ ತೆಗೆಯುವ ಜಾಗದಲ್ಲಿ ಇದು ಎರಡು ತೆಗೆಯುತ್ತಿತ್ತು. ಒಂದು ರೋಲು ಹಾಕಿದರೆ ಎರಡು ರೋಲು ಹಾಕಿದ ಹಾಗೆ. ನಮ್ಮವರ ಸ್ನೇಹಿತರೆಲ್ಲ ಅದೃಷ್ಟವಂತ ನೀನು ಅಂದರು. ಅದೃಷ್ಟ ಏನು ಬಂತು ಮಣ್ಣು, ರೋಲು ಮುಗಿಯುತ್ತಲೇ ಇರಲಿಲ್ಲ! ಮುಗಿಯದೆ ತೊಳೆಸುವ ಹಾಗಿಲ್ಲ. ದೀಪಾವಳಿಗೆ ಹಾಕಿದ ರೋಲು ಯುಗಾದಿ ಕಳೆದರೂ ಕ್ಯಾಮೆರಾದ ಹೊಟ್ಟೆಯೊಳಗೇ ಇರುತ್ತಿತ್ತು. ಕೊನೆಗೂ ಶಿವಮೊಗ್ಗದ ಸ್ಟುಡಿಯೋದಿಂದ ಫೋಟೋ ಬರುವ ಹೊತ್ತಿಗೆ ಯಾವುದು ಯಾವ ಊರೆಂದು ಇವರಿಗೆ ಮರೆತೇ ಹೋಗಿರುತ್ತಿತ್ತು. "ಇದು ಕವಲೇದುರ್ಗ" ಅನ್ನುವರು. "ಅಲ್ಲರೀ, ನಗರದ ಕೋಟೆ" ಅನ್ನುವೆ ನಾನು. ಸುಡುವ ಕಲ್ಲಿನ ಮೇಲೆ ಹತ್ತಿ ನಿಂತವಳು ನಾನು, ಅಂಗಾಲು ಸುಟ್ಟದ್ದು ನನ್ನದು. ಯಾವ ಊರಿನ ಕಲ್ಲು ಅಂತ ನನಗೆ ಗೊತ್ತಿರುವುದಿಲ್ಲವೇ?

ನನ್ನನ್ನು ಯಾಕೆ ಅಷ್ಟು ದೂರ ನಿಲ್ಲಿಸುತ್ತಿದ್ದರು ಅಂತ ಕೇಳಿ. ಕ್ಯಾಮೆರಾದ ಜೊತೆ ಒಂದು ಸಣ್ಣ ಪುಸ್ತಿಕೆ ಬಂದಿತ್ತು. ದೊಡ್ಡ ದೃಶ್ಯದ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಅದರ ಗಾತ್ರ ತಿಳಿಯುತ್ತದೆ ಅಂತ ಅದರಲ್ಲಿತ್ತು. ಆ ಮನುಷ್ಯ ನಾನಾದೆ. "ಇನ್ನೊಂಚೂರು ಹಿಂದೆ, ಇನ್ನೊಂಚೂರು" ಅನ್ನುತ್ತ ಇವರು ನನ್ನನ್ನು ಹಿಂದಕ್ಕೆ ಕಳಿಸಿದ ದೂರವನ್ನೆಲ್ಲ ಸೇರಿಸಿದರೆ ಕಾಲುನಡಿಗೆಯಲ್ಲೇ ಮಂಗಳೂರು ಮುಟ್ಟಬಹುದಿತ್ತು. ಅದೇ ಪುಸ್ತಿಕೆಯಲ್ಲಿ ಕ್ಯಾಮೆರಾವನ್ನು ಸೆಕೆ, ಧೂಳು, ತೇವದಿಂದ ದೂರ ಇಡಿ ಅಂತಲೂ ಬರೆದಿತ್ತು. ಬರೆದ ಪುಣ್ಯಾತ್ಮ ಮಲೆನಾಡಿನ ಆಷಾಢ ನೋಡಿದವನಲ್ಲ. ನಮ್ಮಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತದೆ, ಟ್ರಂಕಿನೊಳಗಿನ ರೇಷ್ಮೆ ಸೀರೆಗೆ ಬೂಷ್ಟು ಬರುತ್ತದೆ, ಎರಡು ದಿನ ಸುಮ್ಮನೆ ಕೂತರೆ ಮನುಷ್ಯರಿಗೂ ಬಂದೀತು. ಆ ಕ್ಯಾಮೆರಾದ ಚರ್ಮದ ಚೀಲಕ್ಕೆ ಮೊದಲ ಮಳೆಗಾಲದಲ್ಲೇ ಬಿಳಿ ಗಡ್ಡ ಬೆಳೆಯಿತು.

ಇಷ್ಟೆಲ್ಲ ಆದರೂ ನಾನು ಗೊಣಗುತ್ತ ಗೊಣಗುತ್ತಲೇ ಜಲಪಾತಗಳ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಅದಕ್ಕೆ ಕಾರಣವಿತ್ತು. ನನಗೆ ಆ ಕ್ಯಾಮೆರಾದಿಂದ ಒಂದೇ ಒಂದು ಫೋಟೋ ಬೇಕಾಗಿತ್ತು, ನನ್ನ ಅಮ್ಮನದು. ಅಪ್ಪ ಹೋದಾಗ ನಾನು ಬಹಳ ಸಣ್ಣವಳು. ಅಪ್ಪನ ಕಂಬಳಿಯ ವಾಸನೆ ನೆನಪಿದೆ, ಬೀಡಿ ಹಚ್ಚುವಾಗ ಅಂಗೈ ಮರೆ ಮಾಡುತ್ತಿದ್ದದ್ದು ನೆನಪಿದೆ, ಮುಖ ಮಾತ್ರ ನೆನಪಿಗೆ ಬರುವುದಿಲ್ಲ. ಕಣ್ಣು ಮುಚ್ಚಿ ಎಷ್ಟು ಒದ್ದಾಡಿದರೂ ಬರುವುದಿಲ್ಲ. ಅಮ್ಮನದೂ ಹಾಗಾದರೆ? ಅದೂ ಅಲ್ಲದೆ ಅದು ಲಿಂಗನಮಕ್ಕಿಯಲ್ಲಿ ಕಟ್ಟೆ ಏಳುತ್ತಿದ್ದ ಕಾಲ. ಹೊನ್ನೆಮರಡಿನ ಆಚೆ ಶರಾವತಿಯ ದಂಡೆಯಲ್ಲಿದ್ದ ನಮ್ಮ ಊರು ಮುಳುಗುವುದು ಖಂಡಿತ ಅಂತಾಗಿತ್ತು. ಅಣ್ಣನಿಗೆ ಬದಲಿ ಜಮೀನು ಸಿಕ್ಕಿದ್ದು ಎಲ್ಲೋ ದೂರದ ಕಾಡಿನಲ್ಲಿ. ಅಮ್ಮ ಅಲ್ಲಿಗೆ ಹೋದರೆ ನಾನು ನೋಡುವುದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ. ಅಷ್ಟರೊಳಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು ಅಂತ ನಾನು ಹಟ ಹಿಡಿದೆ.

ಅಮ್ಮ ಒಪ್ಪಿದರೆ ತಾನೇ! "ಎಂತಕ್ಕೆ ಮಾರಾಯ್ತಿ? ನಂಗೇನು ಗ್ವಾಡೆ ಮೇಲೆ ಹೋಗೋಕೆ ಅಷ್ಟು ಅವಸರ ಬಂದದಾ?" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮೂರಿನಲ್ಲಿ ಗೋಡೆಯ ಮೇಲಿದ್ದವರೆಲ್ಲ ಸತ್ತವರೇ. ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ ತೆಗೆಸಿದ ಫೋಟೋಗಳೂ ಇದ್ದವು. ಆಮೇಲೆ ನನಗೆ ಒಂದು ವಿಚಾರ ಹೊಳೆಯಿತು. ನಮ್ಮ ಕಡೆ ಕಾಡಿನಲ್ಲಿ, ಗದ್ದೆಯ ಬದುವಿನಲ್ಲಿ, ಎಲ್ಲಿ ಎಡವಿದರೂ ವೀರಗಲ್ಲು ಸಿಗುತ್ತವಲ್ಲ. ಕತ್ತಿ ಹಿಡಿದವನ ಚಿತ್ರ, ಅವನ ಪಕ್ಕ ಕೈಯೆತ್ತಿ ನಿಂತ ಅವನ ಹೆಂಡತಿ. ಅಷ್ಟು ಕಲ್ಲುಗಳಲ್ಲಿ ಒಂದಾದರೂ ಬದುಕಿದ್ದವನದು ಉಂಟೇ? ಉಂಡು ತಿಂದು ಸುಖವಾಗಿದ್ದವನ ಕಲ್ಲನ್ನು ಯಾರೂ ಕೆತ್ತಿಸಲಿಲ್ಲ. ನೂರಾರು ವರ್ಷ ಈ ನಾಡಿನ ಜನ ಸತ್ತ ಮೇಲೆಯೇ ಮುಖ ಮೂಡಿಸಿಕೊಂಡದ್ದು. ಅಮ್ಮ ಓದಿದವಳಲ್ಲ, ಆದರೆ ಇತಿಹಾಸ ಪೂರ್ತಿಯಾಗಿ ಅವಳ ಕಡೆಗೇ ಇತ್ತು. ಇದನ್ನು ನಮ್ಮವರಿಗೆ ವಿವರಿಸಿದಾಗ "ನೀನು ಮಗಳೋ, ಅವರ ವಕೀಲಳೋ?" ಅಂದರು.

ಇನ್ನೊಂದು ತೊಡಕೂ ಇತ್ತು. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಬರುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಅಮ್ಮ ಬಾಗಿಲ ಮರೆಯಲ್ಲಿ ನಿಂತು, "ಅಳಿಯಂದ್ರಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳೇ" ಅನ್ನುವಳು. ಎರಡು ಮಾರು ದೂರದಲ್ಲಿ ಕೂತ ಅಳಿಯಂದಿರು "ಸಾಕು ಅಂತ ಹೇಳೇ" ಅನ್ನುವರು. ನಾನು ಮಧ್ಯದ ಪೋಸ್ಟಾಫೀಸು. ಹೀಗಿರುವಾಗ ಫೋಟೋ ತೆಗೆಯುವವರು ಅಳಿಯ, ತೆಗೆಸಿಕೊಳ್ಳಬೇಕಾದವಳು ಅತ್ತೆ. ಕ್ಯಾಮೆರಾವನ್ನು ನನ್ನ ಕೈಗೆ ಕೊಡಿ ಅಂದರೆ ನಮ್ಮವರು ಮುಟ್ಟಗೊಡುತ್ತಿರಲಿಲ್ಲ. ಹೆಂಗಸರು ಹಿಡಿದರೆ ಅಲ್ಲಾಡುತ್ತದಂತೆ! ತುಂಬಿದ ಕೊಡ ಸೊಂಟದಲ್ಲಿಟ್ಟು ಜಾರುವ ದಿಣ್ಣೆ ಹತ್ತುವವರ ಕೈ ಅಲ್ಲಾಡುತ್ತದೆ, ಇವರದು ಅಲ್ಲಾಡುವುದಿಲ್ಲ.

ಕೊನೆಗೆ ನಾವಿಬ್ಬರೂ ಕಳ್ಳತನಕ್ಕೆ ಇಳಿದೆವು. ಒಂದು ಮಳೆಗಾಲದ ಕೊನೆಯಲ್ಲಿ ತವರಿಗೆ ಹೋದಾಗ ನಾನು ಅಮ್ಮನನ್ನು ಮಾತಿಗೆಳೆಯುವುದು, ಇವರು ಕಂಬದ ಸಂದಿನಿಂದ, ಹಟ್ಟಿಯ ಮೂಲೆಯಿಂದ ಪಟ್ಟನೆ ತೆಗೆಯುವುದು. ಅಮ್ಮ ಮೀನು ಹಸನು ಮಾಡುವುದು, ಕೋಳಿ ಅಟ್ಟುವುದು, ಅಂಗಳಕ್ಕೆ ಸಗಣಿ ನೀರು ಹಾಕುವುದು, ಎಲ್ಲ ಆಯಿತು. ಪುಟ್ಟ ಕ್ಯಾಮೆರಾದ ನಿಜವಾದ ಉಪಯೋಗ ನನಗೆ ಅವತ್ತು ಗೊತ್ತಾಯಿತು. ಸಂಜೆ ಇವರು ಆಚೆ ದಡಕ್ಕೆ ಹೋಗಿ ದೋಣಿಯಲ್ಲಿ ತಿರುಗಿ ಬರುವಾಗ ಒಂದು ಮಳೆ ಬಂದು ಇವರ ಜೇಬು ಒದ್ದೆಯಾಯಿತು, ಕ್ಯಾಮೆರಾಕ್ಕೂ ಸ್ವಲ್ಪ ನೀರು ತಾಗಿತು. ಇವರು ಅದನ್ನು ಒರೆಸಿ ಜಗಲಿಯ ಮೇಲಿಟ್ಟು, ಮಾರನೆಯ ದಿನ ಪಕ್ಕದ ಊರಿನ ಡಿ.ಡಿ.ಟಿ. ಕೆಲಸಕ್ಕೆ ಹೋದರು.

ತಿರುಗಿ ಬಂದು ನೋಡಿದರೆ ಕ್ಯಾಮೆರಾ ಇಲ್ಲ. ಜಗಲಿ, ಹಟ್ಟಿ, ಬಾಣಂತಿ ಕೋಣೆ ಎಲ್ಲ ಹುಡುಕಿದೆವು. ಬಾಗಿಲ ಮರೆಯಿಂದ ಅಮ್ಮನ ಸ್ವರ ಬಂತು. "ಅಳಿಯಂದ್ರು ಹೆದರೋದು ಬ್ಯಾಡ ಅಂತ ಹೇಳೇ. ಥಂಡಿ ಹಿಡಿದಿತ್ತು. ನಾನು ಜೋಪಾನ ಮಾಡಿ ಅಟ್ಟದ ಮೇಲಿಟ್ಟೀನಿ." ಅಟ್ಟ ಅಂದರೆ ಒಲೆಯ ಮೇಲಿನ ಅಟ್ಟ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಬೀರು ಅದೇ. ಹಾಳಾಗಬಾರದು ಅನ್ನಿಸಿದ್ದೆಲ್ಲ ಹೋಗುವುದು ಅಲ್ಲಿಗೇ. ಬಿತ್ತನೆ ಬೀಜ, ಬೆಂಕಿಪೆಟ್ಟಿಗೆ, ಸಾರಿಗೆ ಹಾಕುವ ವಾಟೆಹುಳಿ, ಒಣ ಸೀಗಡಿ. ಕೆಳಗೆ ಹಗಲಿಡೀ ಉರಿಯುವ ಒಲೆ, ಮೇಲೆ ಹೊಗೆ, ಬಿಸಿ. ಅಳಿಯನ ಅಮೂಲ್ಯ ವಸ್ತುವಿಗೆ ಅಮ್ಮ ಮನೆಯ ಅತ್ಯಂತ ಒಳ್ಳೆಯ ಜಾಗ ಕೊಟ್ಟಿದ್ದಳು, ಬೀಜದ ಮುಡಿಗೂ ಸೀಗಡಿಯ ಬುಟ್ಟಿಗೂ ನಡುವೆ. ಇವರು ಅದನ್ನು ಇಳಿಸಿ ಕೈಯಲ್ಲಿ ಹಿಡಿದು, ಬಿಸಿಗೆ ಆ ಕೈಯಿಂದ ಈ ಕೈಗೆ ಬದಲಿಸುತ್ತ, "ಅತ್ತೆಯವರಿಗೆ ಬಹಳ ಉಪಕಾರವಾಯ್ತು ಅಂತ ಹೇಳು" ಅಂದರು. ಆ ಮಾತಿಗೆ ನಾನು ಅವರ ಹತ್ತು ತಪ್ಪು ಮಾಫಿ ಮಾಡಿದ್ದೇನೆ.

ಕ್ಯಾಮೆರಾ ಬದುಕಿತು. ಆದರೆ ಎಷ್ಟೋ ಕಾಲ ಅದನ್ನು ಕಣ್ಣಿಗೆ ಹಿಡಿದರೆ ಮೂಗಿಗೆ ಸೀಗಡಿ ಬರುತ್ತಿತ್ತು. ಒಳಗಿನ ರೋಲು ಮಾತ್ರ ಹಪ್ಪಳದ ಹಾಗೆ ಮುರುಟಿ, ಒಂದಕ್ಕೊಂದು ಅಂಟಿಕೊಂಡಿತ್ತು. ಸ್ಟುಡಿಯೋದವರು ಕೈಚೆಲ್ಲಿದರು. ಅಮ್ಮನ ಮುಖವೆಲ್ಲ ಅಮ್ಮನ ಒಲೆಯ ಮೇಲೆಯೇ ಬೆಂದುಹೋಗಿತ್ತು. ಅವಳಿಗೆ ನಾವು ಕದ್ದದ್ದೂ ಗೊತ್ತಿಲ್ಲ, ಅವಳು ಕೆಡಿಸಿದ್ದೂ ಗೊತ್ತಿಲ್ಲ. ನಾನು ಹಿತ್ತಿಲಿಗೆ ಹೋಗಿ ಒಬ್ಬಳೇ ಅತ್ತೆ. ಆಮೇಲೆ ಒಬ್ಬಳೇ ನಕ್ಕೆ.

ಊರು ಬಿಡುವ ಕಾಲ ಬಂದೇ ಬಂತು. ನಾವು ಹೋದಾಗ ಮನೆ ಅರ್ಧ ಗಾಡಿಯ ಮೇಲಿತ್ತು. ಹೆಂಚು ಇಳಿಸಿದ್ದರು. ಹೊಸ ಮನೆಗೆ ಬೇಕಾಗುತ್ತದೆಂದು ಅಣ್ಣ ಬಾಗಿಲುಗಳನ್ನೂ ಕಳಚಿದ್ದ. ಕಟ್ಟಿದಾಗಿನಿಂದ ಬಿಸಿಲು ಕಾಣದ ನಡುಮನೆಯಲ್ಲಿ ಬೆಳಗಿನ ಬಿಸಿಲು ಧಾರಾಳವಾಗಿ ಬಿದ್ದಿತ್ತು. ನಿಂತು ಮಾತಾಡಲು ಅಮ್ಮನಿಗೆ ಬಾಗಿಲೇ ಇರಲಿಲ್ಲ! ಪಾಪ, ಬರಿದಾದ ಜಾಗದಲ್ಲಿ ಅತ್ತಿತ್ತ ನೋಡಿ, ಕೊನೆಗೆ ಒಂದು ಕಂಬದ ಹಿಂದೆ ನಿಂತು ಸೆರಗು ಎಳೆದುಕೊಂಡಳು. ಕಂಬ ಅವಳ ಅರ್ಧವನ್ನೂ ಮುಚ್ಚುತ್ತಿರಲಿಲ್ಲ. ನಮ್ಮವರೇ ಸೂಕ್ಷ್ಮ ತಿಳಿದು ಆ ಕಡೆ ಬೆನ್ನು ಹಾಕಿ ಕೂತರು.

ನಾನು ಅಮ್ಮನ ಕೈ ಹಿಡಿದುಕೊಂಡೆ. "ಅಮ್ಮಾ, ನಂಗೆ ಅಪ್ಪನ ಮುಖ ನೆನಪಿಲ್ಲ ಕಣೇ. ಎಷ್ಟು ನೆನಸಿದ್ರೂ ಬರಲ್ಲ. ನಿಂದೂ ಹೋದ್ರೆ ನಾನೆಂತ ಮಾಡ್ಲಿ? ಒಂದೇ ಒಂದು ಫೋಟೋಗೆ ನಿಂತ್ಕೋ" ಅಂದೆ. ಅಮ್ಮ ಈ ಸಲ ಗೋಡೆಯ ಮಾತು ತೆಗೆಯಲಿಲ್ಲ.

"ನಿಂಗೆ ಕಾಲಿದಾವೆ, ಬಸ್ಸದೆ. ನನ್ ಮುಖ ಬೇಕು ಅನ್ಸಿದ್ರೆ ಬಾ, ನೋಡ್ಕಂಡ್ ಹೋಗು. ಫೋಟೋ ಕೊಟ್ರೆ ಅದನ್ನೇ ನೋಡ್ಕಂಡು ಸುಮ್ನಾಗ್ತೀಯ, ಬರೋದು ಕಮ್ಮಿ ಮಾಡ್ತೀಯ. ನಂಗೊತ್ತಿಲ್ವಾ ನಿನ್ ಬುದ್ಧಿ?" ಅಂದಳು. ನನ್ನ ಕೈ ಬಿಡಿಸಿಕೊಂಡು, "ಬಸ್ಸು ಹತ್ತಿದ್ರೆ ವಾಂತಿ ಮಾಡ್ಕಳೋಳು ನಾನು. ಬರೋಕಾಗದೇ ಇರೋಳು ನಾನು. ಫೋಟೋ ಬೇಕಾದ್ದು ನಂಗೆ, ನಿಂದು. ಕೊಡಿಲ್ಲಿ ಅದನ್ನ, ನಾನೇ ತೆಗಿತೀನಿ" ಅಂದಳು.

ಹೆಂಡತಿಗೆ ಮುಟ್ಟಗೊಡದ ಕ್ಯಾಮೆರಾವನ್ನು ನಮ್ಮವರು ನನ್ನ ಕೈಗಿಟ್ಟರು, ನಾನು ಅಮ್ಮನ ಕೈಗಿಟ್ಟೆ. ನಾನೂ ಇವರೂ ಜಗಲಿಯ ಮೆಟ್ಟಿಲ ಮೇಲೆ ಜೋಡಿಯಾಗಿ ಕೂತೆವು, ಅಮ್ಮ ನೆಲ ನೋಡುತ್ತ ಅಂಗಳಕ್ಕಿಳಿದಳು. ಪಾಠ ನನ್ನ ಮೂಲಕ ನಡೆಯಿತು. "ಸೂರ್ಯ ಬೆನ್ನಿಗಿರಬೇಕು ಅಂತ ಹೇಳು." ಹೇಳಿದೆ, ಅಮ್ಮ ಸೂರ್ಯನಿಗೆ ಬೆನ್ನು ಹಾಕಿ ನಿಂತಳು. "ಆ ಕಿಂಡಿಯಲ್ಲಿ ನೋಡಲಿ ಅಂತ ಹೇಳು." ಅಮ್ಮ ಒಂದು ಕಣ್ಣು ಮುಚ್ಚಿ ಕಿಂಡಿಗೆ ಇನ್ನೊಂದು ಕಣ್ಣಿಟ್ಟಳು. ಇಟ್ಟವಳೇ "ಛೀ, ಥೂ!" ಅಂತ ಕ್ಯಾಮೆರಾ ಇಳಿಸಿಬಿಟ್ಟಳು. ಕಿಂಡಿಯೊಳಗೆ ಅಳಿಯ ಮುಖಾಮುಖಿ ಕೂತಿದ್ದರಲ್ಲ! ಬಾಗಿಲ ಮರೆಯಲ್ಲಿ ನಿಂತು ಇಷ್ಟು ವರ್ಷ ಕಾಪಾಡಿಕೊಂಡ ಮರ್ಯಾದೆ, ಈಗ ಒಂದು ಸಣ್ಣ ತೂತಿನಲ್ಲಿ ಅಳಿಯನನ್ನು ಇಣುಕಿ ನೋಡುವುದೇ? ಅಮ್ಮ ಮೆಲ್ಲಗೆ ಪಕ್ಕಕ್ಕೆ ಸರಿದಳು, ಮುಂದೆ ಬಂದಳು, ಇನ್ನೂ ಮುಂದೆ ಬಂದಳು. "ಹತ್ತಿರ ಆಯ್ತು, ಹಿಂದೆ ಹೋಗ್ಬೇಕು ಅಂತ ಹೇಳು, ಹೇಳೇ" ಅಂತ ಇವರು ಚಡಪಡಿಸಿದರು. ನಾನು ಹೇಳಲಿಲ್ಲ. ಈ ಕ್ಯಾಮೆರಾ ಹಿಡಿದು ನನ್ನ ಹತ್ತಿರಕ್ಕೆ ಬಂದವರನ್ನು ನಾನು ನೋಡುತ್ತಿದ್ದದ್ದು ಅದೇ ಮೊದಲು. ಟಕ್ ಅಂತ ಸದ್ದಾಯಿತು. "ಬಂತಾ?" ಅಂದಳು ಅಮ್ಮ.

ಬಂತು. ಆದರೆ ಪುಸ್ತಿಕೆಯ ಯಾವ ನಿಯಮಕ್ಕೂ ಹೊಂದದ ಹಾಗೆ ಬಂತು. ಅಷ್ಟು ಹತ್ತಿರದಿಂದ ತೆಗೆದದ್ದಕ್ಕೆ ಅಂಚೆಲ್ಲ ಸ್ವಲ್ಪ ಮಸುಕು. ನಮ್ಮವರ ಪಾಲಿಗೆ ಉಳಿದದ್ದು ಒಂದು ಮೊಣಕೈ, ಅದರ ಮೇಲೆ ಅಂಗಿಯ ಮಡಿಕೆ. ಫೋಟೋದ ತುಂಬ ನಾನೇ, ಮೂಗು, ಬಾಯಿ, ಮೂಗುಬೊಟ್ಟು ಎಲ್ಲ ಸಮೇತ. ಮತ್ತೆ, ಸೂರ್ಯ ಬೆನ್ನಿಗಿದ್ದದ್ದರಿಂದ ನನ್ನ ಮಡಿಲಿನಿಂದ ಎದೆಯವರೆಗೆ ಅಮ್ಮನ ನೆರಳು ಬಿದ್ದಿತ್ತು. ಎತ್ತಿದ ಎರಡು ಮೊಣಕೈ, ಇಳಿದ ತುರುಬು, ಹೆಗಲ ಮೇಲೆ ಗಂಟು ಹಾಕಿ ಉಟ್ಟ ಗೊಬ್ಬೆ ಸೀರೆ. ಯಾರಿಗೆ ತೋರಿಸಿದರೂ ಕ್ಯಾಮೆರಾ ಹಿಡಿದವಳು ನಮ್ಮ ಕಡೆಯ ಹೆಂಗಸು ಅಂತ ಗೊತ್ತಾಗುವಷ್ಟು ಸ್ಪಷ್ಟ. ನಮ್ಮವರು ನೋಡಿ, "ಫೋಟೋ ಹಾಳಾಯ್ತಲ್ಲ, ನೆರಳು ಬಿದ್ದುಬಿಟ್ಟಿದೆ" ಅಂದರು. ಮಲೇರಿಯಾ ಇಲಾಖೆಯವರಿಗೆ ಇದಕ್ಕಿಂತ ಹೆಚ್ಚು ತಿಳಿಯಬೇಕು ಅಂತ ನಾವು ಆಸೆ ಪಡಬಾರದು.

ಅಮ್ಮನ ಮಾತಿನಂತೆ ಅದನ್ನು ಅಮ್ಮನಿಗೇ ಕೊಟ್ಟೆ. ಅವಳು ಅದನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು. ನಾನೂ ಅವಳ ಮಾತಿನಂತೆಯೇ, ಮುಖ ಬೇಕು ಅನ್ನಿಸಿದಾಗಲೆಲ್ಲ ಬಸ್ಸು ಹತ್ತಿದೆ. ವರ್ಷಕ್ಕೊಮ್ಮೆ ಹೋದರೆ ಹೆಚ್ಚು ಅಂದುಕೊಂಡವಳು, ಇವರಿಗೆ ತೀರ್ಥಹಳ್ಳಿಗೆ ವರ್ಗವಾದ ಮೇಲೂ, ಮಗಳನ್ನು ಬಗಲಲ್ಲಿ ಹೊತ್ತುಕೊಂಡು, ದಾರಿಯಲ್ಲಿ ಮೂರು ಕಡೆ ಬಸ್ಸು ಬದಲಿಸಿ ಹೋಗುತ್ತಿದ್ದೆ. ಫೋಟೋ ಇದ್ದಿದ್ದರೆ ಅಷ್ಟು ಹೋಗುತ್ತಿದ್ದೆನೋ ಇಲ್ಲವೋ, ಎದೆ ಮುಟ್ಟಿ ಹೇಳಲಾರೆ.

ಮಗಳಿಗೆ ಬುದ್ಧಿ ತಿಳಿಯುವ ಮೊದಲೇ ಅಮ್ಮ ಹೋದಳು. ಎಲ್ಲ ಕಾರ್ಯ ಮುಗಿದ ಮೇಲೆ ಅಣ್ಣ ಅಮ್ಮನ ಎಲೆಯಡಿಕೆ ಚೀಲದಿಂದ ಆ ಫೋಟೋ ಹೊರಗೆ ತೆಗೆದ. ಸುಣ್ಣದ ಕಲೆ, ಎಲೆಯ ಕಲೆ, ಬೆರಳು ತಾಗಿ ತಾಗಿ ಸವೆದ ಮೂಲೆ. ಅವನಿಗೆ ಹಾರ ಹಾಕಲು ಒಂದು ಫೋಟೋ ಬೇಕಾಗಿತ್ತು, ಇಡೀ ಮನೆಯಲ್ಲಿ ಇದ್ದದ್ದು ಅದೊಂದೇ. "ಇದನ್ನ ಗೋಡೆಗೆ ಹಾಕಿ ಹಾರ ಹಾಕಿದ್ರೆ ನಿಂಗೇ ಹಾಕಿದ ಹಾಗಾಗ್ತದಲ್ಲೇ" ಅಂದ. ಅಂಥ ದುಃಖದಲ್ಲೂ ಇಬ್ಬರಿಗೂ ನಗು ಬಂತು. ಫೋಟೋವನ್ನು ನನ್ನ ಕೈಗೇ ಕೊಟ್ಟುಬಿಟ್ಟ.

ಮೊನ್ನೆ ಮಗಳು ರಜೆಗೆ ಬಂದವಳು ಹಳೆಯ ಆಲ್ಬಮ್ ಹರಡಿಕೊಂಡು ಕೂತಿದ್ದಳು. ಜೋಗದ ಚುಕ್ಕೆ, ಆಗುಂಬೆಯ ಮಸಿ, ಎಲ್ಲದಕ್ಕೂ ಅವಳಪ್ಪನನ್ನು ಚೆನ್ನಾಗಿ ಆಡಿಕೊಂಡಳು. ಕೊನೆಯ ಪುಟದಲ್ಲಿ ಸುಣ್ಣದ ಕಲೆಯ ಈ ಫೋಟೋ ಸಿಕ್ಕಿತು. ಅದರ ಕಥೆಯನ್ನು ನಾನು ಅವಳಿಗೆ ಹೇಳಿರಲಿಲ್ಲ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಾನು ನೆರಳನ್ನು ತೋರಿಸಬೇಕು ಅಂತ ಬೆರಳು ಮುಂದೆ ಮಾಡಿದೆ. ಅವಳು ನೆರಳಿನ ಕಡೆ ನೋಡುತ್ತಲೇ ಇರಲಿಲ್ಲ.

"ಇದನ್ನ ಅಜ್ಜಿ ತೆಗೆದಿದ್ದು ಅಲ್ವಾ?" ಅಂದಳು.

"ಹೇಗೆ ಗೊತ್ತಾಯ್ತೇ ನಿಂಗೆ?"

"ಹೇಗೆ ಅಂದ್ರೆ? ನಿನ್ನ ಮುಖ ನೋಡು. ಅಮ್ಮನನ್ನ ನೋಡ್ತಾ ಇದೀಯ."

ಇಷ್ಟು ವರ್ಷ ಆ ಫೋಟೋದಲ್ಲಿ ನಾನು ಅಮ್ಮನನ್ನು ಹುಡುಕುತ್ತಿದ್ದದ್ದು ನನ್ನ ಮಡಿಲಿನ ನೆರಳಿನಲ್ಲಿ. ಕನ್ನಡಕ ಹಾಕಿಕೊಂಡು, ಅವತ್ತು ಮೊದಲ ಸಲ, ನನ್ನ ಮುಖವನ್ನು ನಾನೇ ಸರಿಯಾಗಿ ನೋಡಿದೆ.